ಪಟ್ಟಿಯಲ್ಲಿದೆ, ಕಪಾಟಿನಲ್ಲಿಲ್ಲ

ಹಾವೇರಿ ಜಿಲ್ಲೆಯ ಪದವಿ ವಿದ್ಯಾರ್ಥಿಗಳಿಗೆ ‘ಪರಾಮರ್ಶನ ಗ್ರಂಥ’ಗಳು ತಲುಪುವ ದಾರಿ ಎಲ್ಲಿ ತಪ್ಪುತ್ತಿದೆ, ಅದನ್ನು ಸರಿಪಡಿಸುವುದು ಹೇಗೆ?

ಪದವಿ ತರಗತಿಯ ಯಾವುದೇ ಪತ್ರಿಕೆಯ ಪಠ್ಯಕ್ರಮ ತೆಗೆದು ನೋಡಿ. ಘಟಕಗಳು, ಬೋಧನೆಯ ತಾಸುಗಳು, ಅಂಕಗಳ ಹಂಚಿಕೆ ಎಲ್ಲ ಮುಗಿದ ಮೇಲೆ ‘ಪರಾಮರ್ಶನ ಗ್ರಂಥಗಳು’ ಎಂಬ ತಲೆಬರಹದ ಕೆಳಗೆ ಒಂದಷ್ಟು ಪುಸ್ತಕಗಳ ಹೆಸರಿರುತ್ತದೆ. ಲೇಖಕರ ಹೆಸರು, ಕೃತಿಯ ಹೆಸರು. ಎಷ್ಟೋ ಸಲ ಅಷ್ಟೇ. ಪ್ರಕಾಶಕರು ಯಾರು, ಯಾವ ವರ್ಷದ ಮುದ್ರಣ, ಯಾವ ಅಧ್ಯಾಯ ಓದಬೇಕು, ಈಗ ಅಂಗಡಿಯಲ್ಲಿ ಸಿಗುತ್ತದೆಯೇ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಉಪನ್ಯಾಸಕರು ತರಗತಿಯಲ್ಲಿ ಹೆಸರು ಹೇಳುತ್ತಾರೆ, ವಿದ್ಯಾರ್ಥಿ ಬರೆದುಕೊಂಡು ಗ್ರಂಥಾಲಯದ ಕೌಂಟರಿಗೆ ಬರುತ್ತಾನೆ. ಅಂಥದೊಂದು ಪುಸ್ತಕ ಬೇಕಾಗಿದೆ ಎಂಬುದು ಗ್ರಂಥಪಾಲಕರಿಗೆ ಗೊತ್ತಾಗುವುದೇ ಆ ಹೊತ್ತಿಗೆ.

ತೊಡಕು ಇರುವುದು ಇಲ್ಲೇ. ಓದುವ ಪಟ್ಟಿ ವಿದ್ಯಾರ್ಥಿಗಿಂತ ಮೊದಲು ಗ್ರಂಥಪಾಲಕರ ಕೈ ಸೇರಬೇಕು. ಸೇರಿದರೆ ಅದು ಖರೀದಿಯ ಆದೇಶವಾಗುತ್ತದೆ, ಕಪಾಟಿನಲ್ಲಿ ಜಾಗವಾಗುತ್ತದೆ, ಕಂಪ್ಯೂಟರಿನಲ್ಲಿ ಕೊಂಡಿಯಾಗುತ್ತದೆ. ಸೇರದಿದ್ದರೆ, ಎಲೆ ಎಷ್ಟು ಬೀಳುತ್ತದೆ ಎಂದು ಅಡುಗೆಯವರಿಗೆ ಹೇಳದೆಯೇ ಪಂಕ್ತಿ ಕೂರಿಸಿದ ಹಾಗೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಇದು ದೊಡ್ಡ ಪ್ರಶ್ನೆ. ಬೆಂಗಳೂರು, ಧಾರವಾಡದ ಹುಡುಗ ಕಾಲೇಜಿನಲ್ಲಿ ಸಿಗದ ಪುಸ್ತಕವನ್ನು ಅಂಗಡಿಯಲ್ಲೋ ಬೇರೆ ಗ್ರಂಥಾಲಯದಲ್ಲೋ ಹುಡುಕಿಕೊಳ್ಳಬಹುದು. ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮರಳುವ ಹುಡುಗಿಗೆ ಕಾಲೇಜಿನ ಗ್ರಂಥಾಲಯವೇ ಮೊದಲನೆಯದು, ಕೊನೆಯದೂ ಅದೇ. ಅಲ್ಲಿ ಪುಸ್ತಕ ಸಿಗದಿದ್ದರೆ ಉಳಿಯುವುದು ಗೈಡು ಮತ್ತು ಹಿಂದಿನ ವರ್ಷದವರ ನೋಟ್ಸಿನ ಜೆರಾಕ್ಸ್.

ವಿಶ್ವವಿದ್ಯಾಲಯ ಹತ್ತಿರ ಬಂತು, ಪುಸ್ತಕ?

ಧಾರವಾಡ ಸೀಮೆಯ ಕಾಲೇಜುಗಳು ಮೊದಲು ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲೇ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಅದರ ಕೇಂದ್ರ ಗ್ರಂಥಾಲಯಕ್ಕೆ ವಚನ ಸಾಹಿತ್ಯದ ವಿದ್ವಾಂಸ ಪ್ರೊ. ಶಿ. ಶಿ. ಬಸವನಾಳರ ಹೆಸರಿದೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲೂ ಇಲ್ಲಿನ ಕಾಲೇಜುಗಳ ಪಠ್ಯಕ್ರಮ ಬರುತ್ತಿದ್ದುದು ಧಾರವಾಡದಿಂದಲೇ.

2023ರಲ್ಲಿ ರಾಜ್ಯ ಸರ್ಕಾರ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಆರಂಭಿಸಿತು. ಬೀದರ್, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರದ ಜೊತೆಗೆ ಹಾವೇರಿಗೂ ಒಂದು ಬಂತು. ಹಾವೇರಿ ಬಳಿಯ ಕೆರಿಮತ್ತಿಹಳ್ಳಿಯಲ್ಲಿದ್ದ ಧಾರವಾಡದ ಸ್ನಾತಕೋತ್ತರ ಕೇಂದ್ರವೇ ಹಾವೇರಿ ವಿಶ್ವವಿದ್ಯಾಲಯವಾಯಿತು. ಹಿರೇಕೆರೂರಿನಿಂದ ಧಾರವಾಡಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆ ಲೆಕ್ಕದಲ್ಲಿ ಅಂಕಪಟ್ಟಿ, ಅರ್ಜಿ, ಶುಲ್ಕದ ಕೆಲಸಗಳಿಗೆ ಓಡಾಟ ತಗ್ಗಿತು. ಪುಸ್ತಕಗಳ ಮಾತು ಬೇರೆ. ಏಳು ದಶಕಗಳ ಪಠ್ಯಕ್ರಮಗಳ ಜೊತೆಜೊತೆಗೆ ಬೆಳೆದ ಸಂಗ್ರಹ ಧಾರವಾಡದಲ್ಲೇ ಇದೆ. ಅಧಿಕಾರವ್ಯಾಪ್ತಿಯನ್ನು ಒಂದು ಕಾಯ್ದೆಯಿಂದ ಬದಲಿಸಬಹುದು, ಗ್ರಂಥಾಲಯವನ್ನು ವರ್ಷಗಟ್ಟಲೆ ಕಟ್ಟಬೇಕು.

2025ರ ಆರಂಭದಲ್ಲಿ ಈ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯವುಗಳಲ್ಲಿ ವಿಲೀನಗೊಳಿಸುವ ಮಾತೂ ಸಂಪುಟ ಉಪಸಮಿತಿಯಲ್ಲಿ ನಡೆಯಿತು, ಅದಕ್ಕೆ ವಿರೋಧವೂ ಎದ್ದಿತು. ಯಾವ ವಿಶ್ವವಿದ್ಯಾಲಯದ ಫಲಕ ಇದ್ದರೂ ಸವಣೂರಿನ ವಿದ್ಯಾರ್ಥಿಗೆ ಮುಂದಿನ ಸೆಮಿಸ್ಟರಿನಲ್ಲಿ ಓದಲು ಪುಸ್ತಕ ಬೇಕೇ ಬೇಕು. ಆದ್ದರಿಂದ ಓದುವ ಪಟ್ಟಿಯ ಕೆಲಸವನ್ನು ಮೇಲಿನ ತೀರ್ಮಾನಗಳಿಗಾಗಿ ಕಾಯುತ್ತ ಮುಂದೂಡುವಂತಿಲ್ಲ.

ಅರವತ್ತು ಮಂದಿ, ಒಂದು ಪ್ರತಿ

ಪಟ್ಟಿ ಮೊದಲೇ ಗ್ರಂಥಪಾಲಕರ ಕೈಗೆ ಬಂದರೆ ಏನಾಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ತರಗತಿಯಲ್ಲಿ 60 ವಿದ್ಯಾರ್ಥಿಗಳಿದ್ದಾರೆ, ಗ್ರಂಥಾಲಯದಲ್ಲಿ ಪುಸ್ತಕದ ಒಂದೇ ಪ್ರತಿ ಇದೆ, ಒಮ್ಮೆ ಇಶ್ಯೂ ಮಾಡಿದರೆ 15 ದಿನ ಅವಕಾಶ ಎಂದಿಟ್ಟುಕೊಳ್ಳೋಣ. ಸೆಮಿಸ್ಟರ್ ಹದಿನಾರು ವಾರ, ಅಂದರೆ 112 ದಿನ. ಒಬ್ಬರೂ ತಡಮಾಡದೆ ಮರಳಿಸಿದರೂ ಪುಸ್ತಕ ಕೈಗೆ ಸಿಗುವುದು ಏಳು ಮಂದಿಗೆ. ಉಳಿದ 53 ಮಂದಿಗೆ ಗ್ರಂಥಾಲಯದಲ್ಲಿ ಆ ಪುಸ್ತಕ ಇದ್ದೂ ಇಲ್ಲದಂತೆ.

ಅದೇ ಪ್ರತಿಯನ್ನು ಸೆಮಿಸ್ಟರ್ ಆರಂಭದಲ್ಲೇ ಮಾಮೂಲಿ ಕಪಾಟಿನಿಂದ ತೆಗೆದು ಕೌಂಟರಿನ ಹಿಂದೆ ಕಾಯ್ದಿರಿಸಿ. ಹಗಲು ಹೊತ್ತಿನಲ್ಲಿ ಎರಡೆರಡು ತಾಸು ಅಲ್ಲೇ ಕುಳಿತು ಓದಲು ಕೊಡಿ, ಸಂಜೆ ಮನೆಗೆ ಕೊಟ್ಟು ಮರುದಿನ ಬೆಳಿಗ್ಗೆ ಮರಳಿ ಪಡೆಯಿರಿ. ಯುಜಿಸಿ ಹೇಳುವ 90 ಕೆಲಸದ ದಿನಗಳ ಲೆಕ್ಕ ಹಿಡಿದರೆ ಆ ಒಂದೇ ಪ್ರತಿ 90 ಸಲ ಮನೆಗೆ ಹೋಗಿಬರಬಹುದು. 60 ಮಂದಿಗೂ ಒಂದೊಂದು ರಾತ್ರಿ ಸಿಕ್ಕಿ, ಮೂವತ್ತು ಸಲ ಮಿಗುತ್ತದೆ. ಹಗಲಿನ ಓದು ಅದರ ಮೇಲೆ. ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಆಗುವ ವ್ಯತ್ಯಾಸ ಇದು. ಆದರೆ ಈ ಪುಸ್ತಕ ಈ ಸೆಮಿಸ್ಟರಿಗೆ, ಈ ತರಗತಿಗೆ, ಇಷ್ಟು ಜನಕ್ಕೆ ಕಡ್ಡಾಯ ಎಂಬುದು ಮೊದಲೇ ತಿಳಿದಿರಬೇಕು.

ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಮುಂದಿಟ್ಟರು. ಅವುಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವ ಕುರಿತದ್ದು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ 1924ರಲ್ಲಿ ಕೆಲಸ ಆರಂಭಿಸಿದ ಅವರು ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿಯೇ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರ ಕಟ್ಟಿದರು. ಸೆಮಿಸ್ಟರ್ ಪದ್ಧತಿಯಲ್ಲಿ ಆ ನಾಲ್ಕನೆಯ ಸೂತ್ರ ಇನ್ನಷ್ಟು ತುರ್ತಿನದಾಗಿದೆ. ಪ್ರವೇಶ, ಹಬ್ಬ, ಆಂತರಿಕ ಪರೀಕ್ಷೆ ಕಳೆದರೆ ಓದಿಗೆ ಉಳಿಯುವ ವಾರಗಳು ಕೆಲವೇ. ಕೇಳಿದ ಪುಸ್ತಕ ಎರಡು ತಿಂಗಳ ನಂತರ ಬಂದರೆ ಅದನ್ನು ಕೇಳಿದವನು ಮುಂದಿನ ಸೆಮಿಸ್ಟರಿಗೆ ಹೋಗಿರುತ್ತಾನೆ.

‘ಸರ್ವಜ್ಞನ ವಚನಗಳು’ ಎಂದರೆ ಯಾವುದು?

ಪಟ್ಟಿಯನ್ನು ಕಳಿಸಿದರಷ್ಟೇ ಸಾಲದು, ಅದು ಪೂರ್ತಿಯಾಗಿರಬೇಕು. ಈ ನಾಲ್ಕು ತಾಲ್ಲೂಕುಗಳ ಸಾಹಿತಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಸರ್ವಜ್ಞನ ಹೆಸರು ಹಿರೇಕೆರೂರು ಸೀಮೆಯ ಅಬಲೂರಿನೊಡನೆ, ಮಾಸೂರಿನೊಡನೆ ಬೆಸೆದುಕೊಂಡಿದೆ. ಪಟ್ಟಿಯಲ್ಲಿ ‘ಸರ್ವಜ್ಞನ ವಚನಗಳು’ ಎಂದಷ್ಟೇ ಇದ್ದರೆ ಗ್ರಂಥಪಾಲಕರು ಯಾವುದನ್ನು ತರಿಸಬೇಕು? ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ಸುತ್ತಿ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದ ಸಂಕಲನವಿದೆ. ಅದಾದ ಮೇಲೆ ಬೇರೆ ಬೇರೆ ಸಂಪಾದಕರು ಸಿದ್ಧಪಡಿಸಿದ ಆವೃತ್ತಿಗಳಿವೆ, ಆಯ್ದ ವಚನಗಳ ಜನಪ್ರಿಯ ಪುಸ್ತಕಗಳಿವೆ. ವಚನಗಳ ಸಂಖ್ಯೆ, ಅನುಕ್ರಮ, ಪಾಠ ಒಂದೊಂದರಲ್ಲಿ ಒಂದೊಂದು ಬಗೆ. ಉಪನ್ಯಾಸಕರು ಒಂದು ಆವೃತ್ತಿಯ ಕ್ರಮಸಂಖ್ಯೆ ಹೇಳಿ, ವಿದ್ಯಾರ್ಥಿ ಇನ್ನೊಂದು ಆವೃತ್ತಿ ತೆರೆದರೆ ಇಬ್ಬರೂ ಬೇರೆ ಬೇರೆ ವಚನ ಓದುತ್ತಿರುತ್ತಾರೆ.

ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರ (1819–1889) ತತ್ವಪದಗಳದ್ದೂ ಇದೇ ಕಥೆ. ಅವು ಬಾಯಿಂದ ಬಾಯಿಗೆ ಹಬ್ಬಿದವು. ಬೇರೆ ಬೇರೆ ಸಂಪಾದಕರ ಸಂಕಲನಗಳಲ್ಲಿ ಸಾಲುಗಳು ಬೇರೆಯಾಗುತ್ತವೆ. ಅದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ಮೋಹನತರಂಗಿಣಿ’, ‘ನಳಚರಿತ್ರೆ’ಗಳ ವಿಷಯದಲ್ಲಿ ಸಂಪಾದಕರ ಹೆಸರಿಲ್ಲದ ಪಟ್ಟಿ ಅರ್ಧ ಪಟ್ಟಿ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರ ವಿಷಯ ಹಾಗಲ್ಲ: ‘ದ್ಯಾವಾ ಪೃಥಿವೀ’ಗೆ 1960ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, 1990ರಲ್ಲಿ ಅವರಿಗೆ ಜ್ಞಾನಪೀಠ ಸಂದಿದೆ, ಕೃತಿಗಳ ಪಾಠದಲ್ಲಿ ಗೊಂದಲವಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ, ಪ್ರತಿ ಈಗ ಮಾರಾಟಕ್ಕಿದೆಯೇ ಎಂಬುದು. ಹಾನಗಲ್ ತಾಲ್ಲೂಕಿನ ಬೊಮ್ಮನಹಳ್ಳಿಯ ವಿಮರ್ಶಕ ಜಿ. ಎಸ್. ಆಮೂರರು ಬೇಂದ್ರೆಯವರ ಮೇಲೆ ಬರೆದ ‘ಭುವನದ ಭಾಗ್ಯ’ಕ್ಕೆ 1996ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಅಂಥ ದೊಡ್ಡ ವಿಮರ್ಶಾಗ್ರಂಥವನ್ನು ಪದವಿಯ ಪಟ್ಟಿಗೆ ಸೇರಿಸುವಾಗ ಯಾವ ಅಧ್ಯಾಯ ಓದಬೇಕು ಎಂದು ಹೇಳಿದರೆ ವಿದ್ಯಾರ್ಥಿ ಅದನ್ನು ತೆರೆಯುವ ಧೈರ್ಯ ಮಾಡುತ್ತಾನೆ.

ಹೀಗಾಗಿ ಕೆಲಸಕ್ಕೆ ಬರುವ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಎದುರು ಆರೇಳು ವಿವರ ಇರಬೇಕಾಗುತ್ತದೆ: ಲೇಖಕರು ಅಥವಾ ಸಂಪಾದಕರು, ಪ್ರಕಾಶಕರು, ಮುದ್ರಣದ ವರ್ಷ, ಓದಬೇಕಾದ ಅಧ್ಯಾಯ ಮತ್ತು ಪುಟಗಳು, ಸೆಮಿಸ್ಟರಿನ ಎಷ್ಟನೆಯ ವಾರಕ್ಕೆ ಬೇಕು, ತರಗತಿಯಲ್ಲಿ ಎಷ್ಟು ಮಂದಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಅದು ಓದಲೇಬೇಕಾದದ್ದೋ, ಓದಿದರೆ ಒಳ್ಳೆಯದೋ, ಆಸಕ್ತರಿಗೆ ಮಾತ್ರವೋ. ಈ ಕೊನೆಯ ವಿಂಗಡಣೆಯೇ ಹಣದ ಹಂಚಿಕೆಯನ್ನು ನಿರ್ಧರಿಸುತ್ತದೆ. ಓದಲೇಬೇಕಾದ ನಾಲ್ಕು ಪುಸ್ತಕಗಳಿಗೆ ಐದೈದು ಪ್ರತಿ, ಓದಿದರೆ ಒಳ್ಳೆಯದು ಎನ್ನುವವಕ್ಕೆ ಒಂದೊಂದು ಪ್ರತಿ, ಉಳಿದವಕ್ಕೆ ಎಲ್ಲಿ ಸಿಗುತ್ತವೆ ಎಂಬ ಮಾಹಿತಿ ಎಂದು ಗ್ರಂಥಪಾಲಕರು ಯೋಜಿಸಬಹುದು. ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಪಟ್ಟಿಗೆ ಹಣ ಹಂಚಿದರೆ ಎಲ್ಲದಕ್ಕೂ ಒಂದೊಂದು ಪ್ರತಿ ಬರುತ್ತದೆ, ಯಾವುದೂ ಸಾಕಾಗುವುದಿಲ್ಲ.

ಗೊಟಗೋಡಿಯ ವಿಶೇಷ

ಶಿಗ್ಗಾಂವಿ ತಾಲ್ಲೂಕಿನಲ್ಲೇ ಒಂದು ವಿಶ್ವವಿದ್ಯಾಲಯವಿದೆ. ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ 2011ರಲ್ಲಿ ಸ್ಥಾಪನೆಯಾಯಿತು. ಜಾನಪದಕ್ಕಾಗಿಯೇ ಮೀಸಲಾದ ಈ ವಿಶ್ವವಿದ್ಯಾಲಯದಲ್ಲಿ ಓದುವ ಪಟ್ಟಿ ಎಂದರೇನು ಎಂಬ ಪ್ರಶ್ನೆಗೆ ಬೇರೆಯೇ ಆಳವಿದೆ.

ಕನ್ನಡ ಜಾನಪದ ಸಂಗ್ರಹದ ಇತಿಹಾಸ ಓದುವವರಿಗೆ ಜೆ. ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಲಾವಣಿಗಳು ಬೇಕು; ಸಂಗೊಳ್ಳಿ ರಾಯಣ್ಣನ ಲಾವಣಿ ಅವುಗಳಲ್ಲಿ ಒಂದು. ಹಲಸಂಗಿ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ಬೇಕು. ಕನ್ನಡ ಜನಪದ ಗೀತೆಗಳ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಬಿ. ಎಸ್. ಗದ್ದಗಿಮಠರ ಕೆಲಸ ಬೇಕು. ಮೊದಲನೆಯದು ನೂರು ವರ್ಷಕ್ಕೂ ಹಳೆಯ ಇಂಗ್ಲಿಷ್ ನಿಯತಕಾಲಿಕ, ಅಂತರಜಾಲದ ಸಂಗ್ರಹಗಳಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಯಾವ ಸಂಪುಟ, ಯಾವ ಪುಟ ಎಂಬ ಕೊಂಡಿಯನ್ನು ಗ್ರಂಥಪಾಲಕರು ಒಮ್ಮೆ ಹುಡುಕಿ ಪಟ್ಟಿಗೆ ಅಂಟಿಸಿದರೆ ಮುಂದಿನ ಹತ್ತು ತಂಡಗಳ ವಿದ್ಯಾರ್ಥಿಗಳು ಹುಡುಕಬೇಕಿಲ್ಲ. ಎರಡನೆಯದು ಮರುಮುದ್ರಣಗಳಲ್ಲಿ ಸಿಗುವಂಥದು, ಹೆಚ್ಚು ಪ್ರತಿ ಕೊಳ್ಳಬಹುದು. ಮೂರನೆಯ ಬಗೆಯ ಹಳೆಯ ಸಂಶೋಧನಾ ಗ್ರಂಥಗಳಿಗೆ ಧಾರವಾಡವನ್ನೇ ಕೇಳಬೇಕಾಗಬಹುದು. ಒಂದೇ ಪಟ್ಟಿಯ ಮೂರು ಪುಸ್ತಕಗಳಿಗೆ ಮೂರು ದಾರಿ. ಯಾವುದಕ್ಕೆ ಯಾವ ದಾರಿ ಎಂದು ಬಲ್ಲವರು ಗ್ರಂಥಪಾಲಕರು. ಈ ಪುಸ್ತಕ ಯಾಕೆ ಬೇಕು ಎಂದು ಬಲ್ಲವರು ಅಧ್ಯಾಪಕರು. ಇಬ್ಬರೂ ಒಂದೇ ಮೇಜಿನ ಎದುರು ಕೂರಬೇಕಾದದ್ದು ಇದಕ್ಕೇ.

ಜಾನಪದದಲ್ಲಿ ಮುದ್ರಿತ ಪುಸ್ತಕವೇ ಎಲ್ಲವೂ ಅಲ್ಲ. ದೊಡ್ಡಾಟದ ಪಠ್ಯವನ್ನು ಓದಿದವನು ಆಟವನ್ನು ನೋಡಬೇಕು. ತತ್ವಪದವನ್ನು ಓದಿದವಳು ಅದನ್ನು ಭಜನೆಯ ಧಾಟಿಯಲ್ಲಿ ಕೇಳಬೇಕು. ಆಡಿಯೊ, ವಿಡಿಯೊ, ಕ್ಷೇತ್ರಕಾರ್ಯದ ಟಿಪ್ಪಣಿಗಳು ಪುಸ್ತಕಗಳ ಜೊತೆ ಒಂದೇ ಪಟ್ಟಿಯಲ್ಲಿ ಸೇರಿದಾಗ ಮಾತ್ರ ಜಾನಪದದ ಓದು ಪೂರ್ತಿಯಾಗುತ್ತದೆ.

ಬೇರೆಡೆ ಮಾಡಿದ್ದೇನು

ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಈ ತೊಡಕನ್ನು ಎದುರಿಸಿದ ಬಗೆ ತಿಳಿಯಬೇಕಾದದ್ದು. ಲಫ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯ ಎರಡು ದಶಕಗಳಿಗೂ ಹಿಂದೆಯೇ ಓದುವ ಪಟ್ಟಿಗಳಿಗಾಗಿ ತನ್ನದೇ ತಂತ್ರಾಂಶ ಬರೆದುಕೊಂಡು, ಅದನ್ನು ಮುಕ್ತವಾಗಿ ಹಂಚಿತು. ಮುಂದೆ ಟಾಲಿಸ್ ಆಸ್ಪೈರ್, ಲೆಗಾಂಟೊದಂಥ ವಾಣಿಜ್ಯ ತಂತ್ರಾಂಶಗಳು ಬಂದವು. ಹೆಸರು ಯಾವುದಾದರೂ ಕೆಲಸದ ಕ್ರಮ ಒಂದೇ. ಅಧ್ಯಾಪಕರು ಪಟ್ಟಿಗೆ ಒಂದು ಪುಸ್ತಕ ಸೇರಿಸಿದೊಡನೆ ಗ್ರಂಥಾಲಯಕ್ಕೆ ಸೂಚನೆ ಹೋಗುತ್ತದೆ. ಸಿಬ್ಬಂದಿ ಅದು ತಮ್ಮಲ್ಲಿ ಇದೆಯೇ, ಎಷ್ಟು ಪ್ರತಿ ಇದೆ, ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಿ ಖರೀದಿಸುತ್ತಾರೆ ಅಥವಾ ಅಧ್ಯಾಯವನ್ನು ಸ್ಕ್ಯಾನ್ ಮಾಡುತ್ತಾರೆ. ವಿದ್ಯಾರ್ಥಿ ತನ್ನ ಪತ್ರಿಕೆಯ ಪುಟ ತೆರೆದರೆ ಯಾವ ಪುಸ್ತಕ ಎಲ್ಲಿದೆ, ಈಗ ಒಳಗಿದೆಯೋ ಹೊರಗಿದೆಯೋ ಎಂಬುದು ಕಾಣುತ್ತದೆ.

ಅಷ್ಟು ದುಬಾರಿ ತಂತ್ರಾಂಶ ನಮ್ಮ ತಾಲ್ಲೂಕು ಕಾಲೇಜುಗಳಿಗೆ ಬೇಕಿಲ್ಲ. ನ್ಯೂಜಿಲೆಂಡಿನ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಾಗಿ 2000ದ ಹೊತ್ತಿಗೆ ಹುಟ್ಟಿದ ಕೋಹಾ ಎಂಬ ಮುಕ್ತ ತಂತ್ರಾಂಶವನ್ನು ಭಾರತದ ಎಷ್ಟೋ ಕಾಲೇಜುಗಳು ಬಳಸುತ್ತಿವೆ. ಅದರಲ್ಲಿ ‘ಕೋರ್ಸ್ ರಿಸರ್ವ್’ ಎಂಬ ವಿಭಾಗವೇ ಇದೆ. ಪತ್ರಿಕೆಯ ಹೆಸರು, ಉಪನ್ಯಾಸಕರ ಹೆಸರು, ಸೆಮಿಸ್ಟರ್ ನಮೂದಿಸಿ, ಪುಸ್ತಕಗಳ ಬಾರ್‌ಕೋಡ್ ಸೇರಿಸಿದರೆ ಆ ಪ್ರತಿಗಳಿಗೆ ಆ ಸೆಮಿಸ್ಟರಿನ ಮಟ್ಟಿಗೆ ಬೇರೆ ಜಾಗ, ಬೇರೆ ಎರವಲು ನಿಯಮ ಅನ್ವಯವಾಗುತ್ತದೆ. ಸೆಮಿಸ್ಟರ್ ಮುಗಿದಾಗ ಆ ಪಟ್ಟಿಯನ್ನು ನಿಷ್ಕ್ರಿಯಗೊಳಿಸಿದರೆ ಎಲ್ಲ ಮೊದಲಿನ ಸ್ಥಿತಿಗೆ ಮರಳುತ್ತವೆ. ಕೇಂದ್ರ ಸರ್ಕಾರದ ಎನ್‌ಐಸಿ ರೂಪಿಸಿದ ‘ಇ-ಗ್ರಂಥಾಲಯ’ ತಂತ್ರಾಂಶದಲ್ಲಿ ಹಲವು ಗ್ರಂಥಾಲಯಗಳು ಒಂದೇ ದತ್ತಾಂಶ ಕೋಶವನ್ನು ಹಂಚಿಕೊಂಡು ಒಂದು ಗುಂಪಾಗಿ ನಡೆಯಬಹುದು. ಹಾನಗಲ್ಲಿನಲ್ಲಿ ಬಿಡುವಾಗಿರುವ ಪ್ರತಿ ಹಿರೇಕೆರೂರಿನಲ್ಲಿ ಬೇಕಾಗಿದೆ ಎಂಬುದು ಕಾಣಲು ಬೇಕಾದದ್ದು ಇಂಥ ಒಂದು ಕೂಡುಸೂಚಿಯೇ.

ನಕಲು ಮಾಡಬಹುದೇ?

ಒಂದು ಅಧ್ಯಾಯವನ್ನು ಜೆರಾಕ್ಸ್ ಮಾಡಿಸಿ ತರಗತಿಗೆ ಹಂಚಬಹುದೇ ಎಂಬ ಅಳುಕು ಅಧ್ಯಾಪಕರಲ್ಲಿ ಇದ್ದೇ ಇದೆ. ಇದಕ್ಕೆ ಭಾರತದ ನ್ಯಾಯಾಲಯವೊಂದು ಉತ್ತರ ಕೊಟ್ಟಿದೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿ ಪಠ್ಯಕ್ರಮದ ಓದುವ ಪಟ್ಟಿಗೆ ಅನುಗುಣವಾಗಿ ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಕೂಡಿಸಿ ಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು 2012ರಲ್ಲಿ ಮೊಕದ್ದಮೆ ಹೂಡಿದವು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ವಜಾ ಮಾಡಿತು. ಡಿಸೆಂಬರಿನಲ್ಲಿ ವಿಭಾಗೀಯ ಪೀಠ, ಬೋಧನೆಗೆ ಅಗತ್ಯವಾದಷ್ಟನ್ನು ನಕಲು ಮಾಡಲಾಗಿದೆಯೇ ಎಂಬುದೇ ಅಳತೆಗೋಲು ಎಂದಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆ ಹಿಂದಕ್ಕೆ ಪಡೆದರು. ಆಧಾರವಾಗಿದ್ದದ್ದು 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52. ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರು ಅಥವಾ ವಿದ್ಯಾರ್ಥಿಗಳು ಮಾಡುವ ನಕಲಿಗೆ ಅದರಲ್ಲಿ ವಿನಾಯಿತಿ ಇದೆ. ಪಟ್ಟಿಯಲ್ಲಿ ಅಧ್ಯಾಯ, ಪುಟ ಸ್ಪಷ್ಟವಾಗಿ ಬರೆಯುವುದರ ಬೆಲೆ ಇಲ್ಲಿ ಇನ್ನೊಮ್ಮೆ ಗೊತ್ತಾಗುತ್ತದೆ: ಬೋಧನೆಗೆ ಬೇಕಾದದ್ದು ಎಷ್ಟು ಎಂಬುದಕ್ಕೆ ಅದೇ ದಾಖಲೆ.

ಮುದ್ರಣ ಮುಗಿದ ಕನ್ನಡ ಪುಸ್ತಕಗಳಿಗೂ ಅದೇ ಸೆಕ್ಷನ್ನಿನಲ್ಲಿ ದಾರಿ ಇದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳನ್ನು ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗಾಗಿ ಮಾಡಿಕೊಳ್ಳಬಹುದು. ಇನ್ನು ಕೃತಿಸ್ವಾಮ್ಯದ ಅವಧಿಯೇ ಮುಗಿದ ಕೃತಿಗಳಿಗೆ ಯಾವ ಅಡ್ಡಿಯೂ ಇಲ್ಲ. ಲೇಖಕರು ತೀರಿಕೊಂಡ ನಂತರದ ಜನವರಿಯಿಂದ 60 ವರ್ಷ ಕಳೆದರೆ ಕೃತಿ ಎಲ್ಲರದಾಗುತ್ತದೆ. ಉತ್ತಂಗಿ ಚನ್ನಪ್ಪನವರು ತೀರಿಕೊಂಡದ್ದು 1962ರಲ್ಲಿ. ಅವರ ಕೃತಿಗಳು 2023ರ ಜನವರಿಯಿಂದ ಮುಕ್ತ. ಗೋಕಾಕರು ತೀರಿಕೊಂಡದ್ದು 1992ರಲ್ಲಿ. ಅವರ ಕೃತಿಗಳಿಗೆ 2052ರ ಕೊನೆಯವರೆಗೂ ಕೃತಿಸ್ವಾಮ್ಯವಿದೆ, ಪುಸ್ತಕ ಕೊಂಡೇ ತರಬೇಕು. ಯಾವುದನ್ನು ಸ್ಕ್ಯಾನ್ ಮಾಡಬಹುದು, ಯಾವುದಕ್ಕೆ ಹಣ ಮೀಸಲಿಡಬೇಕು ಎಂಬುದು ಪಟ್ಟಿ ಕೈಯಲ್ಲಿ ಹಿಡಿದು ಕುಳಿತರೆ ಒಂದು ಮಧ್ಯಾಹ್ನದಲ್ಲಿ ತೀರ್ಮಾನವಾಗುವ ಕೆಲಸ.

ಪಠ್ಯಕ್ರಮ ಬದಲಾದಾಗ

ಪಟ್ಟಿ ಗ್ರಂಥಾಲಯಕ್ಕೆ ತಡವಾಗಿ ಬರುವುದಕ್ಕೆ ಅಧ್ಯಾಪಕರನ್ನಷ್ಟೇ ದೂರುವುದು ಸರಿಯಲ್ಲ. 2021–22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ಪಠ್ಯಕ್ರಮವನ್ನು ಬದಲಿಸಿತು. 2024–25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಹೊಸ ಪಠ್ಯಕ್ರಮ ಬಂತು. ಮೂರೇ ವರ್ಷಗಳ ಅಂತರದಲ್ಲಿ ಎರಡು ಸಲ ಎಲ್ಲ ವಿಷಯಗಳ ಪಟ್ಟಿಯೂ ಹೊಸದಾದರೆ, ಹಿಂದಿನ ಪಟ್ಟಿಗೆಂದು ಕೊಂಡ ಪಠ್ಯಪುಸ್ತಕಗಳು ಕಪಾಟಿನಲ್ಲಿ ಉಳಿಯುತ್ತವೆ, ಹೊಸದಕ್ಕೆ ಹಣ ಬರುವ ಹೊತ್ತಿಗೆ ಒಂದು ತಂಡ ಪರೀಕ್ಷೆ ಬರೆದು ಮುಗಿಸಿರುತ್ತದೆ. ಸರ್ಕಾರಿ ಕಾಲೇಜುಗಳಲ್ಲಿ ಬೋಧನೆಯ ಬಹುಪಾಲು ಭಾರ ಹೊತ್ತವರು ಸಾವಿರಾರು ಅತಿಥಿ ಉಪನ್ಯಾಸಕರು. ಸೆಮಿಸ್ಟರ್ ಆರಂಭವಾದ ಮೇಲೆ ಕೆಲಸಕ್ಕೆ ಸೇರುವ ಉಪನ್ಯಾಸಕರು ಅದಕ್ಕಿಂತ ಮೊದಲೇ ಪಟ್ಟಿ ಕೊಡುವುದು ಹೇಗೆ? ಕೊಟ್ಟರೂ ಮುಂದಿನ ವರ್ಷ ಅವರು ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಭರವಸೆ ಇಲ್ಲ.

ಅದಕ್ಕಾಗಿಯೇ ಈ ಹೊಣೆಯನ್ನು ಒಬ್ಬೊಬ್ಬ ಉಪನ್ಯಾಸಕರ ಹೆಗಲಿಗೆ ಬಿಡದೆ ವಿಶ್ವವಿದ್ಯಾಲಯ ಹೊರಬೇಕು. ಪಠ್ಯಕ್ರಮ ರೂಪಿಸುವುದು ಅಧ್ಯಯನ ಮಂಡಳಿ. ಪಟ್ಟಿ ಹುಟ್ಟುವುದೂ ಅಲ್ಲೇ. ಮಂಡಳಿಯ ಸಭೆಗೆ ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನೂ, ಸರದಿಯಂತೆ ಒಂದು ತಾಲ್ಲೂಕು ಕಾಲೇಜಿನ ಗ್ರಂಥಪಾಲಕರನ್ನೂ ಕರೆದರೆ ಮುದ್ರಣದಲ್ಲಿಲ್ಲದ ಪುಸ್ತಕ ಪಟ್ಟಿಗೆ ಸೇರುವ ಮೊದಲೇ ಗೊತ್ತಾಗುತ್ತದೆ. ಪಠ್ಯಕ್ರಮಕ್ಕೆ ಅನುಮೋದನೆ ಸಿಕ್ಕ ದಿನವೇ ಪೂರ್ತಿ ವಿವರಗಳ ಪಟ್ಟಿ ಎಲ್ಲ ಕಾಲೇಜುಗಳ ಗ್ರಂಥಾಲಯಗಳಿಗೆ ಹೋಗಬೇಕು. ಉಪನ್ಯಾಸಕರು ಯಾರೇ ಬರಲಿ, ಪುಸ್ತಕ ಅವರಿಗಾಗಿ ಕಾದಿರುತ್ತದೆ.

ಕೋಟಿಗಳ ಯೋಜನೆ, ಕನ್ನಡದ ಪುಸ್ತಕ

ಹಣವೇ ಇಲ್ಲ ಎನ್ನುವಂತಿಲ್ಲ. ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯಲ್ಲಿ ಕಾಲೇಜುಗಳಿಗೆ ಸಣ್ಣ ವಾರ್ಷಿಕ ಶುಲ್ಕಕ್ಕೆ ಸಾವಿರಾರು ಇ-ನಿಯತಕಾಲಿಕಗಳು, ಲಕ್ಷಾಂತರ ಇ-ಪುಸ್ತಕಗಳು ತೆರೆದುಕೊಂಡಿವೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು; 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ ಸಿಗುವ ವ್ಯವಸ್ಥೆ ಅದು. ವಿಜ್ಞಾನ, ವಾಣಿಜ್ಯದ ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ಇವು ನಿಜವಾದ ಆಸ್ತಿ. ಆದರೆ ಯಾವ ಪತ್ರಿಕೆಗೆ ಯಾವ ಲೇಖನ ಎಂದು ಗುರುತಿಸಿ ಪಟ್ಟಿಗೆ ಸೇರಿಸದಿದ್ದರೆ ಲಕ್ಷ ಪುಸ್ತಕಗಳ ನಡುವೆ ವಿದ್ಯಾರ್ಥಿ ದಾರಿ ತಪ್ಪುತ್ತಾನೆ.

ಇವುಗಳಲ್ಲಿ ಬಹುಪಾಲು ಇಂಗ್ಲಿಷಿನವು. ಬಿ.ಎ. ಕನ್ನಡ, ಇತಿಹಾಸ, ಸಮಾಜಶಾಸ್ತ್ರವನ್ನು ಕನ್ನಡದಲ್ಲಿ ಓದುವ ಮಕ್ಕಳಿಗೆ ಬೇಕಾದದ್ದು ಈ ಕೋಟಿಗಳ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆ ಕನ್ನಡದ ಮೂಲಗಳನ್ನೇ ಜೋಡಿಸಬೇಕು: ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಕನ್ನಡ ಪುಸ್ತಕ ಪ್ರಾಧಿಕಾರ, ಭಾರತವಾಣಿ, ಕಣಜ ಜಾಲತಾಣಗಳು, ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ‘ಅರಿವು ಕೇಂದ್ರ’ಗಳಾಗಿವೆ. ಕಾಲೇಜಿನ ಪಟ್ಟಿಯ ಒಂದು ಪ್ರತಿ ಅಲ್ಲಿಗೂ ಹೋದರೆ ಊರಿನ ಪದವಿ ವಿದ್ಯಾರ್ಥಿಗೆ ಸಂಜೆ, ಭಾನುವಾರ ಅಲ್ಲಿನ ಕಂಪ್ಯೂಟರಿನಲ್ಲಿ ಓದುವ ಅನುಕೂಲವಾಗುತ್ತದೆ.

ಎಲ್ಲಿಂದ ಶುರುಮಾಡುವುದು

ಇಡೀ ಜಿಲ್ಲೆಯ ಎಲ್ಲ ಪತ್ರಿಕೆಗಳನ್ನು ಒಮ್ಮೆಗೇ ಹಿಡಿಯುವುದು ಕಷ್ಟ. ಕನ್ನಡ ಐಚ್ಛಿಕದ ಒಂದು ಪತ್ರಿಕೆಯಿಂದ ಶುರುಮಾಡಬಹುದು. ನಾಲ್ಕು ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಂದ ಒಬ್ಬೊಬ್ಬ ಕನ್ನಡ ಅಧ್ಯಾಪಕರು, ಒಬ್ಬೊಬ್ಬ ಗ್ರಂಥಪಾಲಕರು, ವಿಶ್ವವಿದ್ಯಾಲಯದಿಂದ ಇಬ್ಬರು, ಜೊತೆಗೆ ಗೊಟಗೋಡಿಯಿಂದ ಒಬ್ಬರು ಬೇಸಿಗೆ ರಜೆಯಲ್ಲಿ ಒಂದು ದಿನ ಕುಳಿತರೆ ಆ ಪತ್ರಿಕೆಯ ಪಟ್ಟಿ ಪೂರ್ತಿಯಾಗುತ್ತದೆ. ಪ್ರತಿ ಪುಸ್ತಕದ ಎದುರು ಆವೃತ್ತಿ, ಅಧ್ಯಾಯ, ವಾರ. ಯಾವ ಕಾಲೇಜಿನಲ್ಲಿ ಎಷ್ಟು ಪ್ರತಿ ಇದೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಸ್ಕ್ಯಾನ್ ಮಾಡಬೇಕು, ಯಾವುದಕ್ಕೆ ಧಾರವಾಡಕ್ಕೆ ಪತ್ರ ಬರೆಯಬೇಕು. ಇದಕ್ಕೆ ಒಂದು ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಅದೇ ಮುಂದೆ ಕೋಹಾಕ್ಕೋ ಇ-ಗ್ರಂಥಾಲಯಕ್ಕೋ ಹೋಗುತ್ತದೆ.

ಸೆಮಿಸ್ಟರ್ ಕೊನೆಗೆ ಇಶ್ಯೂ ರಿಜಿಸ್ಟರ್ ನೋಡಿ ಯಾವ ಪುಸ್ತಕ ಎಷ್ಟು ಸಲ ಹೊರಹೋಯಿತು, ಯಾವುದನ್ನು ಯಾರೂ ಮುಟ್ಟಲಿಲ್ಲ ಎಂದು ಬರೆದು ಅಧ್ಯಯನ ಮಂಡಳಿಗೆ ಕಳಿಸಬೇಕು. ಯಾರೂ ಮುಟ್ಟದ ಪುಸ್ತಕವನ್ನು ತೆಗೆದುಹಾಕುವ ಮುನ್ನ ಅದು ಕೈಗೆ ಸಿಗುವಂತಿತ್ತೇ, ತರಗತಿಯಲ್ಲಿ ಅದರ ಹೆಸರು ಹೇಳಿದ್ದರೇ ಎಂದು ವಿಚಾರಿಸಬೇಕು. ಎರಡನೆಯ ವರ್ಷ ಇತಿಹಾಸದ ಒಂದು ಪತ್ರಿಕೆ, ಮೂರನೆಯ ವರ್ಷ ವಾಣಿಜ್ಯದ್ದೊಂದು ಸೇರಿಸಿಕೊಳ್ಳಬಹುದು. ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಕಾಲೇಜಿನಲ್ಲಿ ಈ ಕೆಲಸ ನಡೆಯುವುದಿಲ್ಲ. ಕಾಲೇಜು ಶಿಕ್ಷಣ ಇಲಾಖೆ ಮೊದಲು ಆ ಹುದ್ದೆ ತುಂಬಬೇಕು. ನ್ಯಾಕ್ ಮೌಲ್ಯಮಾಪನದಲ್ಲೂ ಗ್ರಂಥಾಲಯಕ್ಕೆ ಅಂಕಗಳಿವೆ. ಪುಸ್ತಕಗಳ ಒಟ್ಟು ಸಂಖ್ಯೆಯ ಪಕ್ಕದಲ್ಲೇ, ಪಠ್ಯಕ್ರಮ ಸೂಚಿಸಿದ ಪುಸ್ತಕಗಳಲ್ಲಿ ಎಷ್ಟು ತಮ್ಮಲ್ಲಿವೆ ಎಂಬ ಸಂಖ್ಯೆಯನ್ನೂ ಕಾಲೇಜುಗಳು ಪ್ರತಿವರ್ಷ ಪ್ರಕಟಿಸಲಿ. ಪ್ರವೇಶಕ್ಕೆ ಬರುವ ಮಕ್ಕಳೂ ಪಾಲಕರೂ ಅದನ್ನು ಕೇಳಿ ತಿಳಿದುಕೊಳ್ಳಲಿ.